ಕಂಚಿನ ಬಟ್ಟಲಿನ ನೊರೆ

ಉಚ್ಚೆಯ ಬಗ್ಗೆ ಬರೆಯುತ್ತಿದ್ದೇನೆ ಎಂದಾಗ ನಮ್ಮ ಯಜಮಾನರು ಕಾಫಿ ಲೋಟ ಕೆಳಗಿಟ್ಟು, "ಬರೆಯೋಕೆ ಬೇರೇನೂ ಸಿಗಲಿಲ್ವಾ ನಿಂಗೆ?" ಅಂದರು. ಸಿಗಲಿಲ್ಲ. ಇಷ್ಟು ವರ್ಷ ಮನೆಯಲ್ಲಿ ಮಿಕ್ಕಿದ್ದನ್ನೆಲ್ಲ ಮಾತಾಡಿ ಮುಗಿಸಿದ್ದೇವೆ, ಇದೊಂದನ್ನು ಬಿಟ್ಟು. ಮಾತಾಡದೆ ಉಳಿದದ್ದನ್ನು ಬರೆದಾದರೂ ಮುಗಿಸಬೇಕಲ್ಲ.

ಹೋದ ವಾರ ಹೊಳೆನರಸೀಪುರದಲ್ಲಿ ಅತ್ತೆಯನ್ನು ಎಂದಿನಂತೆ ಲ್ಯಾಬಿಗೆ ಕರೆದುಕೊಂಡು ಹೋಗಿದ್ದೆ. ಸಕ್ಕರೆ ಕಾಯಿಲೆಯವರು ನಮ್ಮತ್ತೆ. ಕಾಲು ಊದಿಕೊಂಡಿದೆ, ರಕ್ತದ ಜೊತೆಗೆ ಯೂರಿನ್ ಕೂಡ ನೋಡಿಸಿ ಅಂತ ಡಾಕ್ಟರು ಬರೆದುಕೊಟ್ಟಿದ್ದರು. ಲ್ಯಾಬಿನ ಹುಡುಗಿ ಹಳದಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ ಕೊಟ್ಟಳು. ಅತ್ತೆ ಅದನ್ನು ಸೆರಗಿನೊಳಗೆ ಮುಚ್ಚಿಕೊಂಡು ಬಚ್ಚಲ ಕಡೆ ನಡೆದರು. ನಾನು ಬೆಂಚಿನ ಮೇಲೆ ಕೂತೆ. ಮಳೆ ಈಗಷ್ಟೆ ನಿಂತಿತ್ತು. ಒದ್ದೆ ಛತ್ರಿ, ಫಿನಾಯಿಲು, ಸ್ಪಿರಿಟ್ಟು ಎಲ್ಲ ಸೇರಿದ ವಾಸನೆ. ಅದರ ಮೇಲೆ ರಸ್ತೆಯಲ್ಲಿ ಹೊಗೆಸೊಪ್ಪಿನ ಲೋಡು ತುಂಬಿದ ಒಂದು ಲಾರಿ ಹೋಯಿತು. ಬೇಯಿಸಿದ ಸೊಪ್ಪಿನ ಆ ಸಿಹಿ ಸಿಹಿ ಘಾಟು ಮೂಗಿಗೆ ಬಡಿಯಿತು. ಆ ವಾಸನೆಯಲ್ಲೇ ನಾನು ಒಂದು ಮಳೆಗಾಲವಿಡೀ ಬಸುರಿಯಾಗಿದ್ದೆ.

ನನ್ನ ತವರು ಚನ್ನರಾಯಪಟ್ಟಣ. ಅಪ್ಪನದು ಕೊಬ್ಬರಿ ವ್ಯಾಪಾರ. ಮದುವೆ ಮಾಡಿಕೊಟ್ಟದ್ದು ಕೊಣನೂರಿನಿಂದ ಆಚೆ, ಹೊಳೆಯ ಆ ದಡದ ಊರಿಗೆ. ಕಾವೇರಿಯನ್ನು ಅಲ್ಲಿ ಯಾರೂ ಕಾವೇರಿ ಅನ್ನುವುದಿಲ್ಲ, ಹೊಳೆ ಅನ್ನುತ್ತಾರೆ ಅಷ್ಟೆ. ನಾನು ಆ ಮನೆಗೆ ಕಾಲಿಡುವ ಮೊದಲೇ ಮಾವನವರು ತೀರಿಕೊಂಡಿದ್ದರು. ನಾಟಿ ವೈದ್ಯರು. ಸುತ್ತಮುತ್ತಲ ಊರಿಗೆಲ್ಲ ಅವರು ಉಚ್ಚೆ ನೋಡುವ ಪಂಡಿತರು. ಹುಡುಗನ ಮನೆ ನೋಡಿಕೊಂಡು ಬಂದ ನಮ್ಮ ಸೋದರಮಾವ, "ಹುಷಾರು ಕಣಮ್ಮ ಲೀಲಾ, ಆ ಮನೇಲಿ ಕಾಫಿ ಕೊಡೋಕ್ ಮುಂಚೆ ಉಚ್ಚೆ ಕೇಳ್ತಾರೆ" ಎಂದು ಎಲ್ಲರನ್ನೂ ನಗಿಸಿದ್ದರು. ನಾನೂ ನಕ್ಕಿದ್ದೆ.

ಮಾವನವರು ನೋಡುತ್ತಿದ್ದ ಬಗೆಯನ್ನು ಅತ್ತೆ ನನಗೆ ಎಷ್ಟೋ ಸಲ ಹೇಳಿದ್ದಾರೆ. ರೋಗಿ ನಸುಕಿನಲ್ಲಿ ಹೊಯ್ದ ಉಚ್ಚೆಯನ್ನು ಕಂಚಿನ ಬಟ್ಟಲಿಗೆ ಹಾಕಿ, ಗಾಳಿಯಾಡದ ಕಡೆ ಇಟ್ಟು, ಅದು ಅಲುಗಾಡದೆ ನಿಂತ ಮೇಲೆ ಗರಿಕೆಯ ಕಡ್ಡಿಯಿಂದ ಎಳ್ಳೆಣ್ಣೆಯ ಒಂದು ತೊಟ್ಟು ಬಿಡುವುದು. ಎಣ್ಣೆ ಸಲೀಸಾಗಿ ಹರಡಿಕೊಂಡರೆ ವಾಸಿಯಾಗುವ ಕಾಯಿಲೆ. ಹರಡದೆ ನಿಂತರೆ ಕಷ್ಟ. ತಳಕ್ಕಿಳಿದರೆ ಮಾವನವರು ಬಟ್ಟಲನ್ನು ಚೆಲ್ಲಿ, ದಕ್ಷಿಣೆ ಮುಟ್ಟದೆ ಮಜ್ಜಿಗೆ ಕೊಟ್ಟು ಕಳಿಸುತ್ತಿದ್ದರಂತೆ. ಬಡಗಣ ದಿಕ್ಕಿಗೆ ಹರಡಿದರೆ ಇನ್ನೂ ಒಳ್ಳೆಯದು. ಉಚ್ಚೆಗೆ ಇರುವೆ ಮುತ್ತಿದರೆ ಅದು ಸಿಹಿಮೂತ್ರ. ಬಟ್ಟಲು ತೊಳೆಯುವುದು, ಹೆಂಗಸರ ಉಚ್ಚೆಯನ್ನು ಅವರ ಕೈಯಿಂದ ಇಸಿದುಕೊಂಡು ಬಂದು ಗಂಡನ ಮುಂದಿಡುವುದು ಅತ್ತೆಯ ಕೆಲಸವಾಗಿತ್ತು. ಮಾವ ಹೋದ ಮೇಲೆ ಆ ಬಟ್ಟಲು ದೇವರ ಗೂಡಿನ ಪಕ್ಕದ ಹಲಗೆಯ ಮೇಲೆ ಬೋರಲಾಗಿ ಮಲಗಿತ್ತು.

ನಮ್ಮ ಯಜಮಾನರು, ಮಹೇಶ, ಅಪ್ಪನ ವಿದ್ಯೆ ಕಲಿಯಲಿಲ್ಲ. ಕೊಣನೂರಿನಲ್ಲಿ ಪಂಪುಸೆಟ್ಟಿನ ಮೋಟರ್ ರಿವೈಂಡಿಂಗ್ ಅಂಗಡಿ ಇಟ್ಟಿದ್ದರು. ಮನೆ ಹಿಂದೆ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಇತ್ತು. ಮದುವೆಯಾಗಿ ವರ್ಷಗಳೇ ಕಳೆದರೂ ನನಗೆ ಮಕ್ಕಳಾಗಿರಲಿಲ್ಲ. ಕಂಡಕಂಡವರ "ಏನಾರ ವಿಶೇಷ ಐತಾ?" ಎಂಬ ಪ್ರಶ್ನೆಗೆ ಉತ್ತರ ಕೊಟ್ಟು ಕೊಟ್ಟು ನಾನು ಮದುವೆ, ನಾಮಕರಣಗಳಿಗೆ ಹೋಗುವುದನ್ನೇ ಬಿಟ್ಟಿದ್ದೆ. ಕೊನೆಗೂ ಬಸಿರು ನಿಂತಾಗ ಕುಣಿದಾಡಿದ್ದು ನಾನಲ್ಲ, ಅತ್ತೆ. ಕಸ ಗುಡಿಸಲೂ ಬಿಡಲಿಲ್ಲ. "ಕುಂತ್ಕೊ ಮಗ, ನನ್ ಕೈಕಾಲ್ ಬಿದ್ದೋಗಿಲ್ಲ" ಅನ್ನುವರು. ತಾಯಿ ಮನೆಯಲ್ಲೂ ನನ್ನನ್ನು ಯಾರೂ ಅಷ್ಟು ಮುಚ್ಚಟೆಯಿಂದ ನೋಡಿಕೊಂಡಿರಲಿಲ್ಲ. ಇದನ್ನು ಹೇಳದೆ ಮುಂದಿನದನ್ನು ಹೇಳಿದರೆ ಅನ್ಯಾಯವಾಗುತ್ತದೆ.

ಆ ವರ್ಷ ಪುನರ್ವಸು ಮಳೆ ಹಿಡಿದದ್ದು ಬಿಡಲೇ ಇಲ್ಲ. ಬ್ಯಾರನ್ನಿನ ಹೊಗೆ ಮೇಲಕ್ಕೇಳಲಾರದೆ ಅಂಗಳದಲ್ಲೇ ಸುಳಿಯುತ್ತಿತ್ತು. ಆರನೇ ತಿಂಗಳ ಹೊತ್ತಿಗೆ ನನ್ನ ಕಾಲು ಊದತೊಡಗಿತು. ಕೊಣನೂರಿನ ಡಾಕ್ಟ್ರಮ್ಮ ಬಿ.ಪಿ. ನೋಡಿ, "ಒಂದು ಗೆರೆ ಮೇಲಿದೆ. ಬೆಳಿಗ್ಗೆ ಎದ್ದ ಕೂಡಲೇ ಮೊದಲ ಯೂರಿನ್ ತಗೊಂಡು ಬನ್ನಿ" ಅಂದರು. ರಕ್ತದಲ್ಲಿರಬೇಕಾದ ಆಲ್ಬುಮಿನ್ ಎಂಬ ಸತ್ವ ಮೂತ್ರಕ್ಕೆ ಇಳಿಯುತ್ತಿದೆಯೋ ಎಂದು ನೋಡಬೇಕಂತೆ. ಬಿ.ಪಿ. ಏರಿ ಅದೂ ಇಳಿಯತೊಡಗಿದರೆ ತಾಯಿಗೂ ಅಪಾಯ, ಮಗುವಿಗೂ ಅಪಾಯ ಎಂದು ಅವರು ಬಿಡಿಸಿ ಹೇಳಿದರು. ಒಂದು ಚಿಕ್ಕ ಬಾಟಲಿಯನ್ನೂ ಕೊಟ್ಟರು.

ಮನೆಗೆ ಬಂದು ಹೇಳಿದರೆ ಅತ್ತೆಯ ಮುಖ ಕಪ್ಪಿಟ್ಟಿತು.

"ಬಸುರಿ ಉಚ್ಚೆ ಒಳೆ ದಾಟಬಾರ್ದು."

"ದಾಟಿದರೆ ಏನಾಗುತ್ತೆ ಅತ್ತೆ?"

"ಏನಾಯ್ತದೆ ಅಂತ ನಂಗ್ ಗೊತ್ತು. ನಿಮ್ ಮಾವ ಬಸುರೀರ್ ಉಚ್ಚೆ ಯಾವತ್ತೂ ತರಿಸ್ತಿರ್ನಿಲ್ಲ. ಅವ್ರ್ ಮನೆಗೇ ಓಗಿ ನೋಡ್ ಬರೋರು. ಅದು ಯಾರ್ ಕೈಗ್ ಸಿಕ್ಕುತ್ತೋ, ಯಾರ್ ಏನ್ ಮಾಡ್ತಾರೋ. ಕೂದ್ಲು, ಉಗ್ರು, ಉಚ್ಚೆ, ಇವ್ನೆಲ್ಲ ಬಿಟ್ಟು ಕೊಡ್ತಾರೇನೇ?"

ಮಹೇಶ ರೇಗಿದರು. "ಅವ್ವಾ, ಲ್ಯಾಬ್ನೋರ್ಗೆ ಬೇರೆ ಕೆಲ್ಸ ಇಲ್ವಾ? ನೋಡ್ತಾರೆ, ಚೆಲ್ತಾರೆ. ಸುಮ್ನಿರು."

ಅತ್ತೆ ಎದ್ದು ಒಲೆಯ ಹತ್ತಿರ ಹೋದರು. ಅವರ ಚೊಚ್ಚಲ ಬಸಿರಿನಲ್ಲಿ ಅವರ ತಾಯಿ ಯಾವುದೋ ಊರಿನ ಶಾಸ್ತ್ರ ಹೇಳುವವನಿಗೆ ಇವರ ಉಚ್ಚೆಯನ್ನು ಹೊಳೆಯಾಚೆ ಕಳಿಸಿದ್ದರಂತೆ, ಆ ಮಗು ಹೊಟ್ಟೆಯಲ್ಲೇ ಹೋಯಿತಂತೆ. ಇದು ನನಗೆ ಗೊತ್ತಾದದ್ದು ಬಹಳ ತಡವಾಗಿ. ಅವತ್ತು ನಾನು ಅಂದುಕೊಂಡದ್ದು ಇಷ್ಟೇ, ಹಳೇ ಕಾಲದವರು, ಗೊಣಗಿ ಸುಮ್ಮನಾಗುತ್ತಾರೆ ಅಂತ. ಮರುದಿನ ಬೆಳಿಗ್ಗೆ ನಾನು ಬಾಟಲಿ ತುಂಬಿಸಿಕೊಂಡು ಬಚ್ಚಲಿನಿಂದ ಬಂದಾಗ ಅವರೇ ಬಾಗಿಲಲ್ಲಿ ನಿಂತಿದ್ದರು. "ಕೊಡಿಲ್ಲಿ. ಬಸುರಿ ಎಂಗ್ಸು ಇದ್ನ ಗಂಡಸ್ರ್ ಕೈಗ್ ಕೊಡಬಾರ್ದು. ನಾನ್ ಕವರ್ಗಾಕ್ಕೊಡ್ತೀನಿ" ಅಂದರು. ಕೊಟ್ಟೆ. ಆ ಮನೆಯಲ್ಲಿ ಹೆಂಗಸರ ಉಚ್ಚೆಯನ್ನು ಇಸಿದುಕೊಳ್ಳುತ್ತಿದ್ದವರು ಯಾವಾಗಲೂ ಅವರೇ ಅಲ್ಲವೇ?

ರಿಪೋರ್ಟಿನಲ್ಲಿ ಆಲ್ಬುಮಿನ್ ಇಲ್ಲ ಅಂತ ಬಂತು. ಆದರೆ ಸಕ್ಕರೆ ಇತ್ತು. ಡಾಕ್ಟ್ರಮ್ಮ ಅರಕಲಗೂಡಿಗೆ ಕಳಿಸಿ ರಕ್ತ ಪರೀಕ್ಷೆ ಮಾಡಿಸಿದರು. ರಕ್ತದಲ್ಲಿ ಸಕ್ಕರೆ ಸರಿಯಾಗಿಯೇ ಇತ್ತು. "ಬಸುರಿಯರಿಗೆ ಒಮ್ಮೊಮ್ಮೆ ಹೀಗಾಗುತ್ತೆ, ರಕ್ತದಲ್ಲಿ ಇಲ್ಲದಿದ್ದರೂ ಯೂರಿನ್‌ನಲ್ಲಿ ಕಾಣಿಸುತ್ತೆ. ಸಿಹಿ ಕಡಿಮೆ ಮಾಡಿ. ಆಲ್ಬುಮಿನ್ ಇಲ್ಲವಲ್ಲ, ಭಯ ಇಲ್ಲ. ಆದರೂ ನೋಡಿಸ್ತಾ ಇರಬೇಕು" ಅಂದರು. ಇದರಲ್ಲಿ ಅವರ ತಪ್ಪು ಒಂದು ಚೂರೂ ಇಲ್ಲ. ಕೈಗೆ ಬಂದದ್ದನ್ನು ಓದಿ ಹೇಳಿದರು.

ನಾನು ಸಿಹಿ ಬಿಟ್ಟೆ. ನಮ್ಮ ಬಚ್ಚಲ ಮೂಲೆಯಲ್ಲಿ ಇರುವೆ ಸಾಲುಗಟ್ಟುತ್ತಿದ್ದವು. ಅತ್ತೆ ದಿನಾ ಅರಿಸಿನ ಉದುರಿಸುತ್ತಿದ್ದರು. "ನೋಡಿದ್ಯಾ, ಇರುವೆನೂ ಅದನ್ನೇ ಹೇಳ್ತಾ ಇವೆ. ಅಪ್ಪ ಇದ್ದಿದ್ರೆ ರಿಪೋರ್ಟೇ ಬೇಕಿರಲಿಲ್ಲ" ಎಂದು ಮಹೇಶ ತಮಾಷೆ ಮಾಡಿದರು. ಅತ್ತೆ ನಗಲಿಲ್ಲ. ಮಗ ಅಂಗಡಿಗೆ ಹೋದ ಮೇಲೆ ಅವರು ಸೆರಗಿನಲ್ಲಿ ಬೆಲ್ಲದಚ್ಚಿನ ಚೂರು, ಬಾಳೆಹಣ್ಣು ತಂದು ನನ್ನ ಕೈಗೆ ತುರುಕುವರು. "ತಿನ್ನು. ನಿಂಗ್ಯಾವ್ ಸಕ್ರೆನೂ ಇಲ್ಲ." ಬೇಡ ಎಂದು ತಳ್ಳಿದರೆ ಅವರ ಕಣ್ಣಲ್ಲಿ ನೀರು. ಆ ಮಾತನ್ನು ಅಷ್ಟು ಖಚಿತವಾಗಿ ಹೇಗೆ ಹೇಳುತ್ತಾರೆ ಎಂದು ನಾನು ಒಂದು ಸಲವಾದರೂ ಕೇಳಬೇಡವೇ? ಅವರು ಕಾಫಿಗೆ ಬೆಲ್ಲ ಹಾಕಿಕೊಳ್ಳುವುದನ್ನು ನಿಲ್ಲಿಸಿದ್ದು ಕೂಡ ಆಗಲೇ. ನನ್ನ ಮೇಲಿನ ಪ್ರೀತಿಗೆ ಬಿಟ್ಟಿದ್ದಾರೆ ಎಂದುಕೊಂಡು ಕರಗಿಹೋಗಿದ್ದೆ.

ಆಮೇಲೆ ಹೊಳೆ ಬಂತು. ಕೊಣನೂರಿಗೆ ದಾಟುವ ತೂಗುಸೇತುವೆಯ ಮೇಲೆ ಜನ ಓಡಾಡುವುದನ್ನು ನಿಲ್ಲಿಸಿದರು. ಸುತ್ತಿಕೊಂಡು ಹೋಗುವ ರಸ್ತೆ ಕಿತ್ತು ಕೆರ ಹಿಡಿದಿತ್ತು. ಅದರಲ್ಲಿ ಏಳನೇ ತಿಂಗಳ ಬಸುರಿಯನ್ನು ಬೈಕಿನಲ್ಲಿ ಕೂರಿಸಿಕೊಂಡು ಹೋಗುವ ಧೈರ್ಯ ಮಹೇಶರಿಗೆ ಬರಲಿಲ್ಲ. ನಾನು ಮನೆಯಲ್ಲೇ ಉಳಿದೆ, ನನ್ನ ಬದಲು ಬಾಟಲಿ ಹೋಯಿತು. ಮೋಟರಿನ ತಾಮ್ರದ ತಂತಿ ತುಂಬಿದ ಚೀಲದ ಪಕ್ಕದಲ್ಲಿ ಅದನ್ನಿಟ್ಟುಕೊಂಡು ಮಹೇಶ ಮಳೆಯಲ್ಲಿ ಹೋಗಿ ಬಂದರು. ಸಂಜೆ ಬಂದವರು ಹೊಸ್ತಿಲಲ್ಲೇ ಕೂಗಿದರು, "ಲೀಲಾ, ಆಲ್ಬುಮಿನ್ ಇಲ್ವಂತೆ! ನೀರು ಇಳಿದ ಮೇಲೆ ಬಂದ್ರೆ ಸಾಕಂತೆ!" ನಾನು ದೇವರ ಗೂಡಿಗೆ ಕೈಮುಗಿದೆ. ಗೂಡಿನ ಪಕ್ಕದ ಹಲಗೆಯ ಮೇಲೆ ಕಂಚಿನ ಬಟ್ಟಲು ಹುಣಿಸೆಹಣ್ಣು ಹಚ್ಚಿ ತಿಕ್ಕಿದ್ದರಿಂದ ಹೊಳೆಯುತ್ತಿತ್ತು. ಅತ್ತೆಗೆ ಹೊತ್ತು ಹೋಗುತ್ತಿಲ್ಲ ಪಾಪ ಅಂದುಕೊಂಡೆ.

ಊತ ಕಾಲಿನಿಂದ ಕೈಗೆ ಬಂತು. ಬಳೆಗಳು ಬಿಗಿದವು. ಮುಖ ಊದಿಕೊಂಡಿತು. ನೋಡಲು ಬಂದ ಹೆಂಗಸರು, "ಮುಖ ತುಂಬ್ಕಂಡೈತೆ, ಎಣ್ ಮಗೂನೇ" ಎಂದು ನಕ್ಕು ಹೋದರು. ತಲೆನೋವು ಶುರುವಾಯಿತು. ಹೊಗೆಸೊಪ್ಪಿನ ವಾಸನೆಗೆ ಇರಬೇಕು ಅಂದರು ಎಲ್ಲರೂ, ನಾನೂ ಹಾಗೇ ಅಂದುಕೊಂಡೆ. ಒಂದು ದಿನ ಬೆಳಿಗ್ಗೆ ಎದ್ದರೆ ಕಣ್ಣ ಮುಂದೆ ಮಿಂಚುಹುಳ ಹಾರಾಡುತ್ತಿವೆ. ಎದೆಯ ಕೆಳಗೆ ಒತ್ತಿ ಹಿಡಿದಂಥ ನೋವು. ಕೈಯಲ್ಲಿದ್ದ ರೇಷನ್ ಚೀಟಿಯ ಅಕ್ಷರ ಕಾಣಿಸದಷ್ಟು ಕಣ್ಣು ಮಂಜು. ಮಹೇಶ ಪಕ್ಕದ ಮನೆಯವರ ಜೀಪು ಕೇಳಿ ತಂದರು. ಅತ್ತೆ ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹಿಂದೆ ಕೂತರು. ರಸ್ತೆಯುದ್ದಕ್ಕೂ, "ಏನೂ ಆಗಕಿಲ್ಲ ಮಗ, ಬಡಗಣಕ್ಕೇ ಅರಡ್ಕಂಡಿತ್ತು, ಏನೂ ಆಗಕಿಲ್ಲ" ಎಂದು ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಿದ್ದರು. ಏನು ಹರಡಿಕೊಂಡಿತ್ತು, ಯಾವಾಗ? ಕೇಳುವ ಶಕ್ತಿ ನನಗಿರಲಿಲ್ಲ.

ಡಾಕ್ಟ್ರಮ್ಮ ಬಿ.ಪಿ. ನೋಡಿದರು. ಇನ್ನೊಂದು ಸಲ ನೋಡಿದರು. ಹಾಸಿಗೆಯ ಪಕ್ಕದಲ್ಲೇ ಪರದೆ ಎಳೆಸಿ, ನರ್ಸಮ್ಮನ ಕೈಯಲ್ಲಿ ಪ್ಯಾನ್ ಇಡಿಸಿ ಅಲ್ಲೇ ನನ್ನ ಉಚ್ಚೆ ಹಿಡಿಸಿದರು. ಅದರೊಳಗೆ ಅದ್ದಿದ ಪಟ್ಟಿ ಕಡು ಹಸಿರಾಯಿತು. ಅವರಿಗೆ ನಂಬಿಕೆ ಬರಲಿಲ್ಲ. ಗಾಜಿನ ನಳಿಗೆಯಲ್ಲಿ ಒಂದಿಷ್ಟು ಹಾಕಿ, ಸ್ಪಿರಿಟ್ ದೀಪದ ಮೇಲೆ ಹಿಡಿದು ಕಾಯಿಸಿದರು. ಪರದೆಯ ಸಂದಿನಿಂದ ನಾನು ನೋಡುತ್ತಿದ್ದೆ. ನೀರಿನಂತಿದ್ದದ್ದು ಒಡೆದ ಹಾಲಿನ ಹಾಗೆ ಬೆಳ್ಳಗೆ ಗಟ್ಟಿಯಾಯಿತು. ನನ್ನ ಮೈಯಿಂದ, ನನ್ನ ಮಗುವಿನ ಪಾಲಿನಿಂದ ಇಷ್ಟು ಸೋರಿಹೋಗಿದೆಯೇ?

ಡಾಕ್ಟ್ರಮ್ಮ ಮಹೇಶರ ಕಡೆ ತಿರುಗಿದರು. "ಹೋದ ವಾರ ಆಲ್ಬುಮಿನ್ ಸ್ವಲ್ಪವೂ ಇರಲಿಲ್ಲ, ಸಕ್ಕರೆ ಇತ್ತು. ಇವತ್ತು ಸಕ್ಕರೆ ಇಲ್ಲವೇ ಇಲ್ಲ, ಆಲ್ಬುಮಿನ್ ಇಷ್ಟಿದೆ. ಇವೆರಡೂ ಒಬ್ಬರದಲ್ಲ. ನೀವು ತಂದುಕೊಡ್ತಾ ಇದ್ದದ್ದು ಯಾರದು?"

"ಇವಳದೇ ಮೇಡಂ. ಅವ್ವನೇ ಕವರಿಗೆ ಹಾಕಿ..." ಮಹೇಶರ ಮಾತು ಅಲ್ಲೇ ನಿಂತಿತು.

ಅತ್ತೆ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. "ನಂದು" ಅಂದರು. "ನಂದೇ ತುಂಬ್ಸಿ ಕಳಿಸ್ದೆ. ಅವಳ್ದು ಒಳೆ ದಾಟ್ಬಾರ್ದು ಅಂತ."

ಯಾರೂ ಬೈಯಲಿಲ್ಲ. ಬೈಯುವಷ್ಟು ಹೊತ್ತೂ ಇರಲಿಲ್ಲ. ಡಾಕ್ಟ್ರಮ್ಮ ಒಂದು ಇಂಜೆಕ್ಷನ್ ಕೊಟ್ಟು, ಹಾಸನಕ್ಕೆ ಫೋನ್ ಮಾಡಿ, ಆಂಬುಲೆನ್ಸ್ ಹತ್ತಿಸಿದರು. ಹತ್ತಿಸುವಾಗ ಅತ್ತೆಯ ಕಡೆ ನೋಡಿ, "ಅಜ್ಜಿ, ಸಕ್ಕರೆ ಕಾಯಿಲೆ ಇರೋದು ನಿಮಗೆ. ನಿಮ್ಮ ರಕ್ತ ಪರೀಕ್ಷೆ ಮಾಡಿಸ್ಕೊಳ್ಳಿ" ಎಂದರು. ಅತ್ತೆಗೆ ಅದು ಕೇಳಿಸಿತೋ ಇಲ್ಲವೋ.

ಹಾಸನದಲ್ಲಿ ಹೊಟ್ಟೆ ಕೊಯ್ದು ಮಗು ತೆಗೆದರು. ಗಂಡು ಮಗು. ಅಂಗೈ ಅಗಲದ ಬೆನ್ನು. ನನ್ನನ್ನು ಉಳಿಸಿಕೊಂಡರು, ಅವನನ್ನು ಉಳಿಸಿಕೊಳ್ಳಲು ಆಗಲಿಲ್ಲ. ಗಾಜಿನ ಪೆಟ್ಟಿಗೆಯಲ್ಲಿ ಮರುದಿನ ಮಧ್ಯಾಹ್ನದವರೆಗೆ ಇದ್ದ. ನಾನು ಅವನನ್ನು ಎತ್ತಿಕೊಂಡದ್ದು ಆಮೇಲೆಯೇ.

ನಾನು ಎದ್ದು ಕೂರುವ ಹಾಗಾದ ದಿನ ಅತ್ತೆ ಬಂದು ವಾರ್ಡಿನ ಕಿಟಕಿಯ ಕೆಳಗೆ ನೆಲದ ಮೇಲೆ ಕೂತರು. ಹೊರಗೆ ಬಿಸಿಲು ಬಂದಿತ್ತು. ಆ ಮಳೆಗಾಲದಲ್ಲಿ ನಾನು ಕಂಡ ಮೊದಲ ನೆಟ್ಟಗಿನ ಬಿಸಿಲು. ಮಹೇಶ ಊಟ ತರಲು ಹೋಗಿದ್ದರು. ಅತ್ತೆ ನನ್ನ ಮುಖ ನೋಡದೆ ಮಾತಾಡಿದರು.

"ನಿಂದ ಚೆಲ್ತಿರ್ನಿಲ್ಲ ಮಗ. ಮನೇಲೇ ನೋಡ್ತಿದ್ದೆ. ನಿಮ್ ಮಾವ ನೋಡ್ದಂಗೇ ಬಟ್ಟಲ್ಗಾಕಿ ಎಣ್ಣೆ ಬಿಡ್ತಿದ್ದೆ. ಪ್ರತಿ ಸಲನೂ ಬಡಗಣಕ್ಕೇ ಅರಡ್ಕಳೋದು. ಚೆಂದಾಗಿ."

ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು.

"ಒಂದೇ ತೊಂದ್ರೆ. ನೊರೆ. ಬಟ್ಟಲ್ ತುಂಬ ನೊರೆ ನಿಂತ್ಕಳೋದು, ಎಷ್ಟೊತ್ತಾದ್ರೂ ಇಳೀತಿರ್ನಿಲ್ಲ. ನೊರೆ ಮೇಲ್ ಎಣ್ಣೆ ಬುಟ್ರೆ ಏನ್ ಕಾಣ್ತದೆ? ಅದ್ಕೆ ಮೆತ್ತಗೆ ಊದಿ ಊದಿ ಒಂದ್ ಕಡೀಕ್ ಸರಿಸಿ, ವೀಳ್ಯದೆಲೇಲಿ ತೆಗೆದಾಕಿ, ಆಮೇಲೆ ಎಣ್ಣೆ ಬುಡ್ತಿದ್ದೆ." ಆಮೇಲೆ ನನ್ನ ಕಡೆ ತಿರುಗಿ ಕೇಳಿದರು, "ನರ್ಸಮ್ಮ ಆವಾಗ್ ಏನೋ ಅಂತಿದ್ರು, ಸತ್ವ ಇಳಿದ್ರೆ ನೊರೆ ಬತ್ತದೆ ಅಂತ. ಅದೇನಾ ಲೀಲಾ?"

"ಅದೇ" ಅಂದೆ.

ಅವರ ಕೈ ತಮ್ಮ ಬಾಯಿಗೆ ಹೋಯಿತು, ಅಲ್ಲೇ ನಿಂತಿತು. ಗೊತ್ತಿಲ್ಲ ಅಂತ ನಾನು ಅನ್ನಬಹುದಿತ್ತು. ಅನ್ನಲಿಲ್ಲ. ಇವತ್ತು ಕೇಳಿದರೂ ಅದೇ ಅನ್ನುತ್ತೇನೆ. ನನ್ನ ಮಗುವಿನ ಪ್ರಾಣ ಆ ನೊರೆಯಲ್ಲಿ ಬೆಳ್ಳಗೆ ತೇಲಿಕೊಂಡು ಬಂದು ಅವರ ಕಣ್ಣಿನ ಮುಂದೆ ನಿಂತಿತ್ತು. ಗಂಡನ ಜೊತೆ ಸಾವಿರಾರು ಬಟ್ಟಲು ನೋಡಿದ ಹೆಂಗಸು, ಎಣ್ಣೆಗೆ ಅಡ್ಡ ಬರುತ್ತದೆಂದು ಅದನ್ನು ಊದಿ ತೆಗೆದರು. ಇದನ್ನು ಯಾವ ಹೊಟ್ಟೆಯಲ್ಲಿ ಹಾಕಿಕೊಳ್ಳಲಿ? ದ್ವೇಷದಿಂದ ಮಾಡಿದ್ದರೆ ದೂರಬಹುದಿತ್ತು, ಮನೆ ಬಿಟ್ಟು ಹೋಗಬಹುದಿತ್ತು. ಎರಡು ಕೈಯಲ್ಲೂ ನನ್ನನ್ನು ಕಾಯ್ದುಕೊಂಡೇ ಮಾಡಿದರು.

ಚನ್ನರಾಯಪಟ್ಟಣಕ್ಕೆ ಬಂದೆ. ಅಮ್ಮ ಇನ್ನು ಕಳಿಸುವುದೇ ಇಲ್ಲ ಎಂದು ಕೂತಳು. ದೀಪಾವಳಿ ಕಳೆದ ಮೇಲೆ ಮಹೇಶ ಬಂದರು. ಹೊಳೆನರಸೀಪುರದಲ್ಲಿ ಅಂಗಡಿ ಮಾಡಿದ್ದೇನೆ, ಅಲ್ಲೇ ಮನೆ ನೋಡಿದ್ದೇನೆ, ಅವ್ವ ಊರಲ್ಲೇ ಇರ್ತಾಳೆ ಅಂದರು. "ಅವರು ಮಾತ್ರೆ ತಗೊಳ್ತಾ ಇದಾರಾ?" ಎಂದು ಕೇಳಿದೆ. ಯಾಕೆ ಕೇಳಿದೆನೋ. ಇಲ್ಲವಂತೆ. ರಕ್ತ ಪರೀಕ್ಷೆಗೂ ಹೋಗಲಿಲ್ಲವಂತೆ. ಅನ್ನ ಮುಟ್ಟುತ್ತಿಲ್ಲವಂತೆ, ಕಾಲಿನ ಗಾಯ ಮಾಯುತ್ತಿಲ್ಲವಂತೆ, ಬಟ್ಟಲನ್ನು ತಾವೇ ಹೊಳೆಗೆ ಎಸೆದು ಬಂದರಂತೆ. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ನನ್ನ ಹೆಸರಿನ ಬಾಟಲಿಯಲ್ಲಿ ಅವರ ಕಾಯಿಲೆ ಹೊರಬಿತ್ತು, ನನ್ನ ಮಗು ಹೋಗಿ ಅವರ ರೋಗ ಗೊತ್ತಾಯಿತು. ಈಗ ಅದೂ ದಂಡವಾಗಬೇಕಾ? "ಕರ್ಕೊಂಡು ಬನ್ನಿ ಅವರನ್ನ. ನಾನೇ ತೋರಿಸ್ತೀನಿ" ಅಂದೆ. ಅಮ್ಮ ನನ್ನನ್ನು ಹುಚ್ಚಿಯನ್ನು ನೋಡಿದ ಹಾಗೆ ನೋಡಿದಳು.

ಅವತ್ತಿನಿಂದ ಲ್ಯಾಬಿಗೆ ಅವರನ್ನು ಕರೆದೊಯ್ಯುವುದು ನನ್ನ ಕೆಲಸ. ಮಹೇಶರಿಗೆ ಬಿಡುವುದಿಲ್ಲ. ಆಮೇಲೆ ಹುಟ್ಟಿದ ಮಗಳು ಈಗ ಸ್ಕೂಲಿಗೆ ಹೋಗುತ್ತಾಳೆ. ಆ ಬಸಿರಿನಲ್ಲಿ ಪ್ರತಿ ಸಲವೂ ಲ್ಯಾಬಿನಲ್ಲೇ ಕೊಟ್ಟೆ, ನನ್ನ ಕೈಯಿಂದಲೇ ಕೊಟ್ಟೆ. ಅತ್ತೆ ಬಾಗಿಲ ಹೊರಗೆ ನಿಂತಿರುತ್ತಿದ್ದರು, ಒಳಗೆ ಬರುತ್ತಿರಲಿಲ್ಲ. ಅವರನ್ನು ಕ್ಷಮಿಸಿದೆಯಾ ಎಂದು ಅಮ್ಮ ಸಾಯುವ ಮೊದಲು ಕೇಳಿದಳು. ಗೊತ್ತಿಲ್ಲಮ್ಮ ಅಂದೆ. ಈಗಲೂ ಗೊತ್ತಿಲ್ಲ. ಒಂದೇ ತಟ್ಟೆಯ ಮುದ್ದೆ ಮುರಿದು ಕೊಡುತ್ತೇನೆ, ಕಾಲಿಗೆ ಎಣ್ಣೆ ತಿಕ್ಕುತ್ತೇನೆ. ಮಳೆಗಾಲ ಶುರುವಾದರೆ ಮಾತ್ರ ಇಬ್ಬರಿಗೂ ಒಬ್ಬರ ಮುಖ ಒಬ್ಬರು ನೋಡುವುದು ಕಷ್ಟವಾಗುತ್ತದೆ.

ಹೋದ ವಾರ ಲ್ಯಾಬಿನ ಬಚ್ಚಲಿನಿಂದ ಅತ್ತೆ ನಿಧಾನವಾಗಿ ಬಂದರು. ಡಬ್ಬಿಯನ್ನು ಸೆರಗಿನೊಳಗೆ ಮುಚ್ಚಿಕೊಂಡಿರಲಿಲ್ಲ. ಕಿಟಕಿಯ ಹತ್ತಿರ ನಿಂತು ಬೆಳಕಿಗೆ ಎತ್ತಿ ಹಿಡಿದರು. ಎಷ್ಟೋ ಹೊತ್ತು ನೋಡಿದರು. ನನಗೂ ಕಂಡಿತು. ಮೇಲೆ ಬೆಳ್ಳಗೆ, ದಪ್ಪಗೆ, ಡಬ್ಬಿಯ ಅಂಚಿನವರೆಗೂ ನೊರೆ. ಊದಿದ ಅವರ ಕಾಲುಗಳನ್ನು ನೋಡಿದೆ. ಅವರಿಗೆ ಯಾರೂ ಏನನ್ನೂ ಹೇಳಬೇಕಿರಲಿಲ್ಲ.

ಲ್ಯಾಬಿನ ಹುಡುಗಿ ಕೈಚಾಚಿದವಳು, "ಅಯ್ಯೋ ಅಜ್ಜಿ, ಮುಚ್ಚಳ ಹಾಕಿದ್ರೆ ಚೆಲ್ಲುತ್ತೆ. ನೊರೆ ಒಂಚೂರು ಇಳೀಲಿ, ಅಲ್ಲಿ ಇಟ್ಟಿರಿ" ಅಂದಳು.

"ಇಳಿಯಾಕ್ ಬುಡಬ್ಯಾಡ ಕಣವ್ವ" ಎಂದರು ಅತ್ತೆ. ಡಬ್ಬಿಯನ್ನು ಎರಡೂ ಕೈಯಲ್ಲಿ ಮುಂದೆ ಹಿಡಿದಿದ್ದರು. "ಅಂಗೇ ತಗೊ. ನೊರೆ ಇದ್ದಂಗೇ ನೋಡು."

ಹುಡುಗಿ ನನ್ನ ಮುಖ ನೋಡಿದಳು.

"ಅವರು ಹೇಳಿದ ಹಾಗೇ ತಗೊಳ್ಳಮ್ಮ" ಅಂದೆ.